ಡಾಲಿ ಮೇಲಿನ ಕಾರು ಬಾಲ ಆಡಿಸುತ್ತಿದೆಯಾ? ಮೊದಲು ಸ್ಟೀರಿಂಗ್ ನೋಡಿ

ಶಿಕಾಗೋದಿಂದ ಡಲ್ಲಾಸ್‌ಗೆ ಮನೆ ಬದಲಾಯಿಸುತ್ತಿದ್ದೆವು. ಬಾಡಿಗೆ ಟ್ರಕ್ಕು, ಅದರ ಹಿಂದೆ ಡಾಲಿ, ಅಂದರೆ ಕಾರಿನ ಎರಡು ಚಕ್ರ ಮಾತ್ರ ಹೊರುವ ಪುಟ್ಟ ಟ್ರೇಲರ್, ಡಾಲಿ ಮೇಲೆ ಮುಂದಿನ ಎರಡು ಚಕ್ರ ಇಟ್ಟುಕೊಂಡು ನಮ್ಮ ಹಳೇ ಹೋಂಡಾ ಸಿವಿಕ್ ಕಾರು. ಅಪಾರ್ಟ್‌ಮೆಂಟ್ ಗೇಟು ದಾಟಿ ಮೊದಲ ತಿರುವು ತೆಗೆದುಕೊಂಡೆ. ಹಿಂದೆ ಟೈರು ಕಿರ್ರೆಂದಿತು. ಇನ್ನೊಂದು ಕಾರಿನಲ್ಲಿ ಹಿಂದೆ ಬರುತ್ತಿದ್ದ ಹೆಂಡತಿಯ ಫೋನು. "ರೀ, ನಿಲ್ಲಿಸಿ. ಕಾರಿನ ಹಿಂದಿನ ಚಕ್ರ ಅಡ್ಡಡ್ಡ ಉಜ್ಜಿಕೊಂಡು ಬರ್ತಿದೆ."

ಹ್ಯಾಂಡ್‌ಬ್ರೇಕ್ ಇಳಿಸಿಯೇ ಇತ್ತು. ಚಕ್ರಕ್ಕೆ ಏನೂ ಸಿಕ್ಕಿಕೊಂಡಿರಲಿಲ್ಲ. ತಪ್ಪು ಇದ್ದದ್ದು ನನ್ನ ಜೇಬಿನಲ್ಲಿ. ಕಾರು ನಿಲ್ಲಿಸಿದರೆ ಕೀ ತೆಗೆಯುವುದು ಅಭ್ಯಾಸ ಅಲ್ವಾ? ತೆಗೆದಿದ್ದೆ. ಸ್ಟೀರಿಂಗ್ ಲಾಕ್ ಆಗಿತ್ತು.

ಎರಡು ವರ್ಷ ಬಿಟ್ಟು ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗಬೇಕಾಯಿತು. ಈ ಸಲ ಗೆಳೆಯನ ಸ್ವಂತ ಡಾಲಿ. ನಾನೀಗ ಅನುಭವಸ್ಥ! ಕೀ ಕಾರಿನಲ್ಲೇ ಬಿಟ್ಟು ಸ್ಟೀರಿಂಗ್ ಸಡಿಲ ಮಾಡಿ ಹೊರಟೆ. ಐ-35 ಹೆದ್ದಾರಿಯಲ್ಲಿ 50 ಮೈಲಿ ವೇಗ ಮುಟ್ಟುತ್ತಿದ್ದಂತೆ ಕನ್ನಡಿಯಲ್ಲಿ ಸಿವಿಕ್‌ನ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಣುಕತೊಡಗಿತು. ಗೆಳೆಯನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಸ್ಟೀರಿಂಗ್ ಲಾಕ್ ಮಾಡಿದ್ಯೇನೋ ಮಾರಾಯ?"

ಮೊದಲ ಸಲ ಲಾಕ್ ಮಾಡಿದ್ದು ತಪ್ಪು. ಎರಡನೇ ಸಲ ಮಾಡದೇ ಇದ್ದದ್ದು ತಪ್ಪು. ಕಾರು ಅದೇ, ಡ್ರೈವರ್ ಅದೇ. ಬದಲಾದದ್ದು ಡಾಲಿ.

ಕೀಲು ಒಂದೇ ಇರಬೇಕು

ಡಾಲಿಗೆ ಒಂದು ಜೊತೆ ಚಕ್ರ. ಅದರಿಂದ ಒಂಬತ್ತು ಅಡಿ ಹಿಂದೆ, ನೆಲದ ಮೇಲೆ ಉರುಳುವ ಕಾರಿನ ಹಿಂದಿನ ಚಕ್ರಗಳು ಇನ್ನೊಂದು ಜೊತೆ. ತಿರುವಿನಲ್ಲಿ ಈ ಎರಡು ಜೊತೆಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಬೇಕು. ಅಂದರೆ ನಡುವೆ ಎಲ್ಲಾದರೂ ಒಂದು ಕೀಲು ಬೇಕು. ಟ್ರಕ್ಕಿನ ಕೊಂಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಟ್ರಕ್ಕಿಗೂ ಡಾಲಿಗೂ ನಡುವಿನದು. ನಮಗೆ ಬೇಕಾದದ್ದು ಡಾಲಿಗೂ ಕಾರಿಗೂ ನಡುವಿನ ಕೀಲು.

ಕೆಲವು ಡಾಲಿಗಳಲ್ಲಿ ಚಕ್ರ ಕೂರಿಸುವ ತಟ್ಟೆಯೇ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಅಲ್ಲಿ ತಟ್ಟೆಯೇ ಕೀಲು. ಹಾಗಾಗಿ ಕಾರಿನ ಸ್ಟೀರಿಂಗ್ ಬಿಗಿಯಾಗಿರಬೇಕು. ಇನ್ನು ಕೆಲವದರಲ್ಲಿ ತಟ್ಟೆಯನ್ನು ಡಾಲಿಯ ಚೌಕಟ್ಟಿಗೇ ಬೆಸೆದಿರುತ್ತಾರೆ. ಅಲ್ಲಿ ಕಾರಿನ ಸ್ಟೀರಿಂಗೇ ಕೀಲಿನ ಕೆಲಸ ಮಾಡಬೇಕು. ತಿರುವಿನಲ್ಲಿ ಡಾಲಿ ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಒಳಗೆ ಸ್ಟೀರಿಂಗ್ ಚಕ್ರ ತಾನಾಗಿಯೇ ಸುತ್ತುತ್ತದೆ. ಖಾಲಿ ಸೀಟಿನ ಮುಂದೆ ಅದು ಸುತ್ತುವುದನ್ನು ಮೊದಲ ಸಲ ನೋಡಿದರೆ ದೆವ್ವ ಓಡಿಸುತ್ತಿದೆ ಅನಿಸುತ್ತದೆ.

ತಟ್ಟೆ ತಿರುಗದೆ ಸ್ಟೀರಿಂಗೂ ಲಾಕ್ ಆಗಿದ್ದರೆ ಕೀಲೇ ಇಲ್ಲ. ಡಾಲಿ ಮತ್ತು ಕಾರು ಸೇರಿ ಒಂದು ಉದ್ದನೆಯ ಮರದ ದಿಮ್ಮಿಯಂತಾಗುತ್ತವೆ. ತಿರುವಿನಲ್ಲಿ ಹಿಂದಿನ ಟೈರು ಉಜ್ಜುತ್ತದೆ, ಟೈರನ್ನು ತಟ್ಟೆಗೆ ಕಟ್ಟಿದ ಪಟ್ಟಿಗಳ ಮೇಲೆ, ಸ್ಟೀರಿಂಗ್ ಲಾಕಿನ ಸಣ್ಣ ಪಿನ್ನಿನ ಮೇಲೆ ಎಲ್ಲ ಭಾರ ಬೀಳುತ್ತದೆ. ಅದೇ ತಟ್ಟೆಯೂ ತಿರುಗಿ ಸ್ಟೀರಿಂಗೂ ಸಡಿಲವಾಗಿದ್ದರೆ ಎರಡು ಕೀಲು. ಯಾವುದು ಯಾವಾಗ ತಿರುಗುತ್ತದೆ ಅಂತ ಯಾರ ಹಿಡಿತದಲ್ಲೂ ಇರುವುದಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕೀಲು ಹೆಚ್ಚಾದಷ್ಟೂ ಬಾಲ ಜಾಸ್ತಿ.

ನಿಮ್ಮ ಡಾಲಿ ಯಾವ ಜಾತಿ?

ಕಾರು ಹತ್ತಿಸುವ ಮೊದಲೇ ನೋಡಿಕೊಳ್ಳಿ. ಖಾಲಿ ಡಾಲಿಯನ್ನು ಟ್ರಕ್ಕಿಗೆ ಸಿಕ್ಕಿಸಿ, ತಟ್ಟೆಯ ಒಂದು ತುದಿ ಹಿಡಿದು ಮುಂದಕ್ಕೆ ತಳ್ಳಿ. ಡಾಲಿಯ ಚಕ್ರ ಅಲ್ಲಾಡದೆ ತಟ್ಟೆ ಮಾತ್ರ ತಿರುಗಿದರೆ ಅದು ತಿರುಗುವ ಜಾತಿ. ಬಗ್ಗಿ ಕೆಳಗೆ ನೋಡಿದರೆ ನಡುವೆ ಒಂದು ದಪ್ಪ ಪಿನ್ನು ಕಾಣುತ್ತದೆ.

ಇಲ್ಲಿ ಮೋಸ ಹೋಗುವುದು ಸುಲಭ. ಕಾರು ಹತ್ತಲಿ ಎಂದು ತಟ್ಟೆ ಹಿಂದಕ್ಕೆ ಬಾಗುತ್ತದೆ. ಬಾಗುವುದು ಬೇರೆ, ತಿರುಗುವುದು ಬೇರೆ. ಬಾಗುವ ಡಾಲಿಯಲ್ಲಿ ಕಾರು ಹತ್ತಿದ ಮೇಲೆ ಚಿಲಕದ ಪಿನ್ನು ಹಾಕಿದ್ದೀರಾ ಎಂದು ಬೇರೆಯಾಗಿ ನೋಡಬೇಕು.

ಡಾಲಿ ಮೇಲೆ ಅಂಟಿಸಿರುವ ಸ್ಟಿಕ್ಕರ್ ಅಥವಾ ಜೊತೆಗೆ ಕೊಡುವ ಪುಸ್ತಕದಲ್ಲಿ ಸ್ಟೀರಿಂಗ್ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ. ನನ್ನ ಮಾತಿಗೂ ಅದಕ್ಕೂ ಹೊಂದದಿದ್ದರೆ ಅದನ್ನೇ ಕೇಳಿ. ಡಾಲಿಯ ಸ್ವಂತ ಚಕ್ರಗಳೇ ತಿರುಗುವ ಇನ್ನೊಂದು ನಮೂನೆಯೂ ಉಂಟು. ಅದಕ್ಕೆ ಪುಸ್ತಕವೇ ಗತಿ. ನಾನು ಮೊದಲ ಸಲ ಬಾಡಿಗೆ ಅಂಗಡಿಯ ಕೌಂಟರಿನಲ್ಲಿ ಪುಸ್ತಕ ತೆಗೆದುಕೊಂಡು ನೇರ ಟ್ರಕ್ಕಿನ ಡ್ಯಾಶ್‌ಬೋರ್ಡ್ ಮೇಲೆ ಎಸೆದಿದ್ದೆ. ಓದಿದ್ದು ಟೈರು ಕಿರುಚಿದ ಮೇಲೆ.

ತಿರುವಿನಲ್ಲಿ ಟೈರು ಕಿರುಚಿದರೆ

ಎರಡು ಕಾರಣ ಹತ್ತಿರ ಹತ್ತಿರ ಬರುತ್ತವೆ: ಹ್ಯಾಂಡ್‌ಬ್ರೇಕ್ ಮತ್ತು ಸ್ಟೀರಿಂಗ್. ಬೇರೆ ಮಾಡುವುದು ಕಷ್ಟವಲ್ಲ. ಹ್ಯಾಂಡ್‌ಬ್ರೇಕ್ ಹಿಡಿದಿದ್ದರೆ ನೇರ ರಸ್ತೆಯಲ್ಲೂ ಎಳೆತ ಇರುತ್ತದೆ, ಟ್ರಕ್ಕು ಮುಕ್ಕಿರಿಯುತ್ತದೆ. ಒಂದೆರಡು ಮೈಲಿ ಹೋಗಿ ನಿಲ್ಲಿಸಿ ಚಕ್ರದ ಹತ್ತಿರ ಅಂಗೈ ಹಿಂಭಾಗ ಒಡ್ಡಿದರೆ ಬಿಸಿ ತಟ್ಟುತ್ತದೆ. ಮುಟ್ಟಬೇಡಿ, ಸುಡುತ್ತದೆ. ಸ್ಟೀರಿಂಗ್ ಲಾಕ್ ಕಾರಣವಾಗಿದ್ದರೆ ನೇರ ರಸ್ತೆಯಲ್ಲಿ ಎಲ್ಲ ಶಾಂತ, ತಿರುವು ಬಂದಾಗ ಮಾತ್ರ ಕೂಗು. ನೇರ ರಸ್ತೆಯಲ್ಲೂ ಕಾರು ಒಂದು ಕಡೆಗೆ ಓರೆಯಾಗಿ ಬರುತ್ತಿದ್ದರೆ, ತಿರುಗದ ತಟ್ಟೆಯ ಮೇಲೆ ಸ್ಟೀರಿಂಗ್ ಸೊಟ್ಟಗೆ ಲಾಕ್ ಆಗಿದೆ ಎಂದರ್ಥ.

ಹೊಸ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಒಂದು ಬಟನ್ನು. ಕೆಲವು ಕಾರುಗಳು ಎಂಜಿನ್ ಆಫ್ ಮಾಡಿದ ಕೂಡಲೇ ನಮ್ಮನ್ನು ಕೇಳದೆ ಅದನ್ನು ಹಾಕಿಬಿಡುತ್ತವೆ. ಇಳಿದು ಬರುವ ಮುನ್ನ ಡ್ಯಾಶ್‌ಬೋರ್ಡಿನ ಕೆಂಪು ದೀಪ ಒಮ್ಮೆ ನೋಡಿ. ನಿಮ್ಮ ಕಾರಿಗೆ ಈ ಚಾಳಿ ಇದ್ದರೆ ಅದನ್ನು ತಡೆಯುವ ಕ್ರಮ ಕಾರಿನ ಪುಸ್ತಕದಲ್ಲಿ ಇರುತ್ತದೆ.

ಸ್ಟೀರಿಂಗ್ ಸಡಿಲ ಮಾಡಲು ನನ್ನ ಸಿವಿಕ್‌ನಂಥ ಕೀ ಕಾರಿನಲ್ಲಿ ಕೀಯನ್ನು ಒಂದು ಮೆಟ್ಟಿಲು ತಿರುಗಿಸಿ ಅಲ್ಲೇ ಬಿಡಬೇಕು. ಅದು ರೇಡಿಯೋ ಹಾಡುವ ಜಾಗ. ಹಾಡಿಯೇ ಹಾಡುತ್ತದೆ. ನಾನು ರೇಡಿಯೋ ಆರಿಸಿದೆ, ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಇಲಿನಾಯ್ ದಾಟಿ, ಮಿಸೌರಿ ದಾಟಿ, ಒಕ್ಲಹೋಮದ ಉದ್ದಕ್ಕೂ ಕೀ ಹಾಗೇ ಇತ್ತು. ಎರಡು ದಿನ ಕಳೆದು ಡಲ್ಲಾಸ್‌ನಲ್ಲಿ ಇಳಿಸಲು ಹೋದರೆ ಬ್ಯಾಟರಿ ಸತ್ತಿತ್ತು. ಸ್ಟೀರಿಂಗ್ ಸಡಿಲ ಆದ ಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು. ಕೀ ಕಾರಿನಲ್ಲಿ ಲಾಕನ್ನು ತಡೆದಿರುವುದು ಕೀ ನಿಂತಿರುವ ಜಾಗ, ಕರೆಂಟ್ ಅಲ್ಲ. ಆದರೆ ಬಾಗಿಲುಗಳನ್ನು ಎರಡನೇ ಕೀಯಿಂದ ಹೊರಗಿನಿಂದ ಹಾಕಿ, ಆ ಕೀ ನಿಮ್ಮ ಜೇಬಿನಲ್ಲಿರಲಿ. ಇಲ್ಲದಿದ್ದರೆ ರಾತ್ರಿ ಮೋಟೆಲ್ ಮುಂದೆ ಕೀ ಸಮೇತ ಕಾರನ್ನು ಪ್ರದರ್ಶನಕ್ಕೆ ಇಟ್ಟಂತೆ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಗೋಳು ಬೇರೆ. ಲಾಕ್ ಇದ್ದರೆ ಅದನ್ನು ಒಂದು ಸಣ್ಣ ಮೋಟಾರು ಹಾಕುತ್ತದೆ, ಅದೂ ಎಷ್ಟೋ ಕಾರುಗಳಲ್ಲಿ ಆಫ್ ಮಾಡಿ ಬಾಗಿಲು ತೆರೆದ ಕ್ಷಣ. ಅರ್ಧ ಆನ್ ಸ್ಥಿತಿಯಲ್ಲಿ ಬಿಟ್ಟರೂ ಗೇರ್ ಪಾರ್ಕ್‌ನಲ್ಲಿದ್ದರೆ ಟೊಯೋಟಾದಂಥ ಕಾರುಗಳು ಸುಮಾರು 20 ನಿಮಿಷಕ್ಕೆ ತಾವೇ ಆಫ್ ಆಗುತ್ತವೆ. ಹೊರಟಾಗ ಸಡಿಲವಾಗಿದ್ದ ಸ್ಟೀರಿಂಗ್ ದಾರಿ ಮಧ್ಯೆ ಲಾಕ್ ಆಗುವ ಸಾಧ್ಯತೆ ಇರುವುದು ಇಲ್ಲೇ. ಹಾಗಾಗಿ ಈ ಕಾರುಗಳಲ್ಲಿ ಕಾರಿನ ಪುಸ್ತಕದ ಟೋಯಿಂಗ್ ಪುಟ ಓದದೆ ತಿರುಗದ ಡಾಲಿಗೆ ಹತ್ತಿಸಬೇಡಿ.

ಅಮೆರಿಕದಲ್ಲಿ ಮಾರಿದ ಕಾರಾದರೆ ಲಾಕೇ ಇಲ್ಲದಿರಬಹುದು. 1970ರಿಂದ ಜಾರಿಗೆ ಬಂದ ಅಲ್ಲಿನ ಕಳ್ಳತನ ತಡೆ ನಿಯಮ ಕೇಳುವುದು ಇಷ್ಟು: ಕೀ ತೆಗೆದ ಮೇಲೆ ಎಂಜಿನ್ ಸ್ಟಾರ್ಟ್ ಆಗಬಾರದು, ಜೊತೆಗೆ ಸ್ಟೀರಿಂಗ್ ಆದರೂ ಸಿಕ್ಕಿಕೊಳ್ಳಬೇಕು, ಇಲ್ಲವೇ ಗಾಡಿ ತನ್ನ ಬಲದಲ್ಲಿ ಮುಂದೆ ಹೋಗದಂತಾದರೂ ಇರಬೇಕು. ಗೇರನ್ನು ಪಾರ್ಕ್‌ನಲ್ಲಿ ಹಿಡಿದಿಟ್ಟರೂ ನಿಯಮ ಪಾಲಿಸಿದಂತೆ. ಆದ್ದರಿಂದ ಎಷ್ಟೋ ಕಾರುಗಳಿಂದ ಸ್ಟೀರಿಂಗ್ ಲಾಕ್ ಮಾಯವಾಗಿದೆ. ಊರಲ್ಲಿ ಕಾರು ಓಡಿಸಿ ಬಂದ ನಮಗೆ ಲಾಕ್ ಇದ್ದೇ ಇರುತ್ತದೆ ಎಂಬ ನಂಬಿಕೆ. ಆಫ್ ಮಾಡಿ, ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಿ. ಟಕ್ ಅಂತ ಸಿಕ್ಕಿಕೊಂಡರೆ ಇದೆ. ಸುಮ್ನೆ ತಿರುಗುತ್ತಲೇ ಇದ್ದರೆ ಇಲ್ಲ. ಇಲ್ಲದ ಕಾರು ತಿರುಗದ ಡಾಲಿಗೆ ವರ, ತಿರುಗುವ ಡಾಲಿಗೆ ತಲೆನೋವು.

ವೇಗದಲ್ಲಿ ಬಾಲ ಆಡಿಸಿದರೆ

ಆಡಿಸುತ್ತಿರುವಾಗ ಮಾಡಬೇಕಾದದ್ದು: ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಟ್ರಕ್ಕಿನ ಸ್ಟೀರಿಂಗ್ ನೇರ ಹಿಡಿಯಿರಿ, ಬ್ರೇಕ್ ಜೋರಾಗಿ ಒತ್ತಬೇಡಿ. ವೇಗ ಇಳಿದ ಮೇಲೆ ಅಂಚಿಗೆ ನಿಲ್ಲಿಸಿ. ಪತ್ತೆದಾರಿ ಕೆಲಸ ಆಮೇಲೆ.

ತಟ್ಟೆ ತಿರುಗುವ ಜಾತಿಯಾಗಿದ್ದರೆ ಮೊದಲ ಅನುಮಾನ ಸಡಿಲ ಸ್ಟೀರಿಂಗ್ ಮೇಲೆ. ಆದರೆ ಅದೊಂದೇ ಅಲ್ಲ. ಟೈರು ಹಿಡಿದಿರುವ ಪಟ್ಟಿ ಸಡಿಲವಾಗಿರಬಹುದು. ಡಾಲಿ ಟೈರಿನ ಗಾಳಿ ಕಡಿಮೆ ಇರಬಹುದು. ಕಾರಿನ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಗ್ರೈಂಡರು, ಪುಸ್ತಕದ ಪೆಟ್ಟಿಗೆ ತುಂಬಿರಬಹುದು. ನಮ್ಮದರಲ್ಲಿ ಇದೆಲ್ಲವೂ ಇತ್ತು. ಕಾರು ಖಾಲಿ ಇರಬೇಕು, ಅದರಲ್ಲೂ ಹಿಂದಿನ ಆಕ್ಸಲ್ಲಿನ ಆಚೆ ಭಾರ ಇರಲೇಬಾರದು. ಇನ್ನು ವೇಗ. ನನ್ನ ಬಾಡಿಗೆ ಡಾಲಿಯ ಮೇಲೆ 55 ಮೈಲಿ ಎಂದು ದೊಡ್ಡದಾಗಿ ಬರೆದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆದುಕೊಂಡು ಹೋಗುವ ಗಾಡಿಗೆ ಕಾನೂನೇ ಅಷ್ಟು.

ಸ್ಟೀರಿಂಗ್ ತಪ್ಪೋ ಬೇರೆಯದೋ ಎಂದು ತಿಳಿಯಲು ನಾನು ಕಂಡುಕೊಂಡ ಉಪಾಯ ಇದು. ಚಕ್ರ ನೇರ ಇದ್ದಾಗ ಸ್ಟೀರಿಂಗ್‌ನ ನೆತ್ತಿಗೆ ಬಣ್ಣದ ಟೇಪಿನ ತುಂಡು ಅಂಟಿಸಿ. ಹಳೆಯ ಫೋನೊಂದನ್ನು ಸೀಟಿನ ತಲೆದಿಂಬಿಗೆ ಕಟ್ಟಿ ವಿಡಿಯೋ ಹಾಕಿ ಬಿಡಿ. ಒಂದೆರಡು ಮೈಲಿ ಹೋಗಿ, ನಾಲ್ಕು ತಿರುವು ತೆಗೆದು, ನೇರ ರಸ್ತೆಯಲ್ಲಿ ನಿಲ್ಲಿಸಿ ನೋಡಿ. ತಿರುಗುವ ತಟ್ಟೆಯಾದರೆ ಟೇಪು ಜಾಗ ಬಿಟ್ಟು ಕದಲಬಾರದು. ತಿರುಗದ ತಟ್ಟೆಯಾದರೆ ತಿರುವಿನಲ್ಲಿ ಟೇಪು ಸುತ್ತಬೇಕು, ನೇರ ರಸ್ತೆಗೆ ಬಂದಾಗ ಮತ್ತೆ ನೆತ್ತಿಗೆ ಬರಬೇಕು. ವಾಪಸು ಬರದಿದ್ದರೆ ಒಂದು ಚಕ್ರ ತಟ್ಟೆಯಲ್ಲಿ ಪೂರ್ತಿ ಮುಂದಕ್ಕೆ ಕೂತಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಹತ್ತಿಸಬೇಕು, ಬೇರೆ ದಾರಿ ಇಲ್ಲ. ಟ್ರಕ್ಕು ಓಡುತ್ತಿರುವಾಗ ಇದನ್ನು ನೋಡಲೆಂದು ಯಾರನ್ನೂ ಕಾರಿನೊಳಗೆ ಕೂರಿಸಬೇಡಿ.

ಬಿಗಿ ಮಾಡುವುದು ಹೇಗೆ

ಇದು ತಿರುಗುವ ತಟ್ಟೆಯ ಡಾಲಿಗೆ ಮಾತ್ರ. ಹತ್ತಿಸುವ ಮುನ್ನ ಕಾರನ್ನು ಡಾಲಿಯ ಹಿಂದೆ ಹತ್ತಿಪ್ಪತ್ತು ಅಡಿ ನೇರವಾಗಿ ತನ್ನಿ. ಕೊನೇ ಗಳಿಗೆಯಲ್ಲಿ ತಿರುಚಿ ಹತ್ತಿಸಿದರೆ ಚಕ್ರ ಸೊಟ್ಟ ಕೂರುತ್ತದೆ. ಹತ್ತಿದ ಮೇಲೆ ಕೀ ತೆಗೆದು ಸ್ಟೀರಿಂಗನ್ನು ಮೆಲ್ಲಗೆ ಆಚೀಚೆ ಆಡಿಸಿ ಲಾಕ್ ಆಗಲು ಬಿಡಿ. ಲಾಕಿನ ಪಿನ್ನು ಕೂರಲು ಕೆಲವು ಗಾಡಿಗಳಲ್ಲಿ ಒಂದೆರಡೇ ಜಾಗ. ಹಾಗಾಗಿ ಸ್ಟೀರಿಂಗ್ ಸ್ವಲ್ಪ ಸೊಟ್ಟ ನಿಲ್ಲುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಾಮೂಲಿ ಕಾರಿನಲ್ಲಿ ಸ್ಟೀರಿಂಗ್ ಸುಮಾರು 15 ಡಿಗ್ರಿ ತಿರುಗಿದರೆ ರಸ್ತೆಯ ಚಕ್ರ ತಿರುಗುವುದು 1 ಡಿಗ್ರಿ. ಕಾಲು ಸುತ್ತು, ಅಂದರೆ 90 ಡಿಗ್ರಿ ಸೊಟ್ಟ ಲಾಕ್ ಆಗಿದ್ದರೆ ಚಕ್ರ 6 ಡಿಗ್ರಿ ಸೊಟ್ಟ. ಆಗ ಯೋಚಿಸಬೇಕು. ತಿರುಗುವ ತಟ್ಟೆಯ ಮೇಲೆ ಕಾರೇನೋ ನೇರವಾಗಿಯೇ ಬರುತ್ತದೆ, ಆದರೆ ತಟ್ಟೆ ಮೊದಲೇ 6 ಡಿಗ್ರಿ ಓರೆ ನಿಂತಿರುತ್ತದೆ. ಒಂದು ಕಡೆಯ ತಿರುವಿನಲ್ಲಿ ಅದು ಬೇಗ ಕೊನೆ ಮುಟ್ಟಿ ಕಾರಿನ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ, ಡಾಲಿ ತಾಗಬಹುದು. "ಎಡಕ್ಕೆ ತಿರುಗಿದರೆ ಸರಿ, ಬಲಕ್ಕೆ ಮಾತ್ರ ಲಟಕ್ ಅನ್ನುತ್ತೆ" ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಲಾಕ್ ಇಲ್ಲದ ಕಾರಾದರೆ, ಅಥವಾ ಲಾಕ್ ಮೇಲೆ ಪೂರ್ತಿ ಭರವಸೆ ಇಲ್ಲದಿದ್ದರೆ, ಹೊರಗಿನಿಂದ ಕಟ್ಟಬೇಕು. ಟೋಯಿಂಗ್ ಮಾಡುವವರ ಹತ್ತಿರ ಸ್ಟೀರಿಂಗ್ ಹಿಡಿಯುವುದಕ್ಕೆಂದೇ ಮಾಡಿದ ಪಟ್ಟಿ, ಕ್ಲಾಂಪು ಇರುತ್ತವೆ. ಅದನ್ನೇ ಕೊಳ್ಳಿ. ಎರಡು ಪಟ್ಟಿ ಎರಡು ಕಡೆಯಿಂದ ಎಳೆಯುವಂತಿರಬೇಕು. ಒಂದೇ ಕಡೆ ಕಟ್ಟಿದರೆ ಇನ್ನೊಂದು ಕಡೆಗೆ ತಿರುಗಲು ಬಾಗಿಲು ತೆರೆದಿಟ್ಟಂತೆ. ಪಟ್ಟಿಯ ತುದಿ ಸೀಟಿನ ಕೆಳಗಿನ ಗಟ್ಟಿ ಕಬ್ಬಿಣಕ್ಕೆ ಹೋಗಲಿ. ನಡುವಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಹಾಯಿಸಬೇಡಿ.

ಜನ ಮಾಡುವ ಬೇರೆ ಉಪಾಯಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಳ್ಳರ ಕಾಟಕ್ಕೆಂದು ಸ್ಟೀರಿಂಗ್‌ಗೆ ಅಡ್ಡ ಹಾಕುವ ಕಬ್ಬಿಣದ ಸರಳು ಇಲ್ಲಿ ಉಪಯೋಗಕ್ಕೆ ಬಾರದು. ಅದು ಬಾಗಿಲಿಗೋ ಗಾಜಿಗೋ ತಾಗುವ ತನಕ ಸ್ಟೀರಿಂಗ್ ಆರಾಮಾಗಿ ತಿರುಗುತ್ತದೆ. ಕೊಕ್ಕೆ ಇರುವ ರಬ್ಬರ್ ಹಗ್ಗ ಇನ್ನೂ ಕೆಟ್ಟದ್ದು, ಅದು ಎಳೆದು ಬಿಟ್ಟು ಎಳೆದು ಬಿಟ್ಟು ಬಾಲಕ್ಕೆ ತಾಳ ಹಾಕುತ್ತದೆ. ಸೀಟ್ ಬೆಲ್ಟನ್ನು ಸ್ಟೀರಿಂಗ್‌ನೊಳಗೆ ತೂರಿಸಿ ಸಿಕ್ಕಿಸುವುದು ಹಳೇ ತಂತ್ರ. ಐ-35ರ ಅಂಚಿನಲ್ಲಿ ನಿಂತು ನಾನೂ ಅದನ್ನೇ ಮಾಡಿ, ಜೊತೆಗೆ ಕೀ ತೆಗೆದು ಲಾಕ್ ಹಾಕಿ, ಮುಂದಿನ ಊರಿನ ಅಂಗಡಿಯ ತನಕ ನಿಧಾನ ಹೋದೆ. ಅಷ್ಟಕ್ಕೆ ಅದು ಸರಿ. ಇಡೀ ಪ್ರಯಾಣಕ್ಕೆ ಅಲ್ಲ.

ಪಟ್ಟಿ ಪದೇ ಪದೇ ಸಡಿಲವಾದರೆ

ಹೊರಟ ಹೊಸದರಲ್ಲಿ ಸಡಿಲವಾಗುವುದು ಸಹಜ. ಟೈರು ತಟ್ಟೆಯಲ್ಲಿ ಕೂತುಕೊಳ್ಳುತ್ತದೆ. ನಾನು ಮೊದಲ 5 ಮೈಲಿ ಆದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ಮಾಡುತ್ತೇನೆ, ಆಮೇಲೆ 50 ಮೈಲಿಗೊಮ್ಮೆ ಕೈ ಹಾಕಿ ನೋಡುತ್ತೇನೆ. ಪ್ರತಿ ಸಲವೂ ಸಡಿಲವಾಗಿ, ಅದೂ ಒಂದೇ ಕಡೆಯದು ಸಡಿಲವಾಗುತ್ತಿದ್ದರೆ ತಿರುವುಗಳನ್ನು ಅನುಮಾನಿಸಿ. ಕಾರಿನ ಮುಂದಿನ ಚಕ್ರ ಹೆಚ್ಚೆಂದರೆ 35-40 ಡಿಗ್ರಿ ತಿರುಗುತ್ತದೆ. ತಿರುಗದ ಡಾಲಿಯಲ್ಲಿ ಟ್ರಕ್ಕು ಅದಕ್ಕಿಂತ ಇಕ್ಕಟ್ಟಾಗಿ ತಿರುಗಿದರೆ ಸ್ಟೀರಿಂಗ್ ಕೊನೆ ಮುಟ್ಟಿ ನಿಲ್ಲುತ್ತದೆ, ಆದರೆ ಡಾಲಿ ನಿಲ್ಲುವುದಿಲ್ಲ. ಚಕ್ರವನ್ನು ಪಟ್ಟಿಯೊಳಗೇ ತಿರುಚುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು, ಅಂದರೆ ಟೈ ರಾಡ್ ಮೇಲೂ ಏಟು.

ಇದು ಆಗುವುದು ಹೆಚ್ಚಾಗಿ ಗ್ಯಾಸ್ ಸ್ಟೇಷನ್‌ಗಳಲ್ಲಿ. ನನಗೆ ಮಿಸೌರಿಯ ರೋಲಾ ಹತ್ತಿರ ಆಯಿತು. ಎರಡು ಪಂಪುಗಳ ನಡುವೆ ನುಗ್ಗಿ ಮುಂದೆ ಜಾಗವಿಲ್ಲದೆ ಸಿಕ್ಕಿಕೊಂಡೆ. ಡಾಲಿ ಕಟ್ಟಿಕೊಂಡು ರಿವರ್ಸ್ ತೆಗೆಯಲು ಬರುವುದಿಲ್ಲ. ಕೊಂಡಿ ಒಂದು ಕಡೆ, ಕೀಲು ಇನ್ನೊಂದು ಕಡೆ ಮಡಚಿಕೊಂಡು ಎಲ್ಲ ಗಂಟಾಗುತ್ತದೆ. ಕೊನೆಗೆ ಕಾರನ್ನು ಅಲ್ಲೇ ಇಳಿಸಿ, ಟ್ರಕ್ಕು ಸರಿಸಿ, ಮತ್ತೆ ಹತ್ತಿಸಿದೆ. ಒಂದೂವರೆ ಗಂಟೆ ಹೋಯಿತು. ಅಂದಿನಿಂದ ಲಾರಿಗಳಿಗೆಂದೇ ಇರುವ ದೊಡ್ಡ ಬಂಕುಗಳಿಗೆ ಮಾತ್ರ ಹೋಗುವುದು.

ಕಾರನ್ನು ಹಿಂದುಮುಂದಾಗಿ ಕಟ್ಟಿದರೆ

ಹಿಂದಿನ ಚಕ್ರದಿಂದ ಓಡುವ ಗಾಡಿಗಳಿಗೆ ಇದರ ಆಸೆ ಹುಟ್ಟುತ್ತದೆ: ಹಿಂದಿನ ಚಕ್ರ ಡಾಲಿ ಮೇಲೆ, ಮುಂದಿನದು ನೆಲದ ಮೇಲೆ. ಊರಿನಲ್ಲೂ ಓಮ್ನಿ, ಬೊಲೆರೋ, ಹಳೇ ಇನ್ನೋವಾಗಳನ್ನು ಟೋಯಿಂಗ್ ಗಾಡಿಯವರು ಹೀಗೆ ಹಿಂದಿನಿಂದ ಎತ್ತಿಕೊಂಡು ಹೋಗುವುದುಂಟು. ಆಗ ಸ್ಟೀರಿಂಗ್ ನೇರವಾಗಿ, ಬಿಗಿಯಾಗಿ ಇರಲೇಬೇಕು. ಕೀ ಲಾಕ್ ಒಂದೇ ಸಾಲದು. ಎಷ್ಟೋ ಕಾರು ಕಂಪನಿಗಳ ಪುಸ್ತಕದಲ್ಲಿ ಟೋಯಿಂಗ್‌ಗೆಂದೇ ಮಾಡಿದ ಕ್ಲಾಂಪ್ ಹಾಕಿ ಎಂದೇ ಇದೆ. ಕಾರಣ ಸರಳ. ಮುಂದಿನ ಚಕ್ರಗಳನ್ನು ಕೂರಿಸಿರುವ ಓರೆ, ಗಾಡಿ ಮುಂದಕ್ಕೆ ಹೋಗುವಾಗ ಅವನ್ನು ತಾನಾಗಿಯೇ ನೇರ ಮಾಡುತ್ತದೆ. ಹಿಂದಕ್ಕೆ ಎಳೆದರೆ ಅದೇ ಓರೆ ಉಲ್ಟಾ ಕೆಲಸ ಮಾಡುತ್ತದೆ. ಅಂಗಡಿಯ ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದಾಗ ಪುಟ್ಟ ಚಕ್ರ ಸುಯ್ಯೆಂದು ತಿರುಗಿ ನಿಲ್ಲುತ್ತದಲ್ಲ, ಹಾಗೆ. ಲಾಕಿನ ಪಿನ್ನು ಮುರಿದರೆ ಹಿಂದೆ ಬರುತ್ತಿರುವ ಕಾರು ಯಾವ ಲೇನಿನಲ್ಲಿದೆ ಎಂದು ಹೇಳುವವರಿಲ್ಲ. ನಮ್ಮ ದೇಶದ 1989ರ ರಸ್ತೆ ನಿಯಮಗಳಲ್ಲೂ ಎಳೆಸಿಕೊಳ್ಳುವ ಗಾಡಿಯ ತಿರುಗುವ ಚಕ್ರಗಳು ನೆಲದಿಂದ ಮೇಲೆ ಎತ್ತಿರಬೇಕು, ಇಲ್ಲವೇ ಲೈಸೆನ್ಸ್ ಇರುವವರು ಸ್ಟೀರಿಂಗ್ ಮುಂದೆ ಕೂತಿರಬೇಕು ಎಂದಿತ್ತು. ನನ್ನನ್ನು ಕೇಳಿದರೆ ಇಂಥ ಗಾಡಿಗೆ ನಾಲ್ಕೂ ಚಕ್ರ ಹೊರುವ ಟ್ರೇಲರ್ ತನ್ನಿ.

ತಲುಪಿದ ಮೇಲೆ ಕೀ ತಿರುಗದಿದ್ದರೆ

ಲಾಕ್ ಮಾಡಿಕೊಂಡು ಬಂದವರಿಗೆ ಮಾತ್ರ ಬರುವ ಕಾಟ ಇದು. ಆಸ್ಟಿನ್ ತಲುಪಿ ಕೀ ಹಾಕಿದರೆ ಅಲ್ಲಾಡಲಿಲ್ಲ. ಜೋರು ಮಾಡಿದರೆ ಕೀ ಬಗ್ಗುತ್ತದೆ, ಮಾಡಬೇಡಿ. ಚಕ್ರ ಒಂದು ಕಡೆ ಒತ್ತಿಕೊಂಡು ಕೂತಿರುವುದರಿಂದ ಲಾಕಿನ ಪಿನ್ನು ಬಿಗಿದುಕೊಂಡಿರುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಆಮೇಲೆ ಎರಡೂ ಪಟ್ಟಿಗಳನ್ನು ಒಂದೆರಡು ಹಲ್ಲಿನಷ್ಟು ಸಡಿಲ ಮಾಡಿ. ಒಂದು ಕೈಯಲ್ಲಿ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತ ಇನ್ನೊಂದು ಕೈಯಲ್ಲಿ ಕೀ ಮೆಲ್ಲಗೆ ತಿರುಗಿಸಿ. ಬಟನ್ ಕಾರಿನಲ್ಲೂ ಹೀಗೇ, ಸ್ಟೀರಿಂಗ್ ಅಲ್ಲಾಡಿಸುತ್ತ ಬಟನ್ ಒತ್ತಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಡಿಲ ಅನಿಸುತ್ತದೆ. ಸಡಿಲ ಇರುವ ಕಡೆಗೆ ಒತ್ತಿ ಹಿಡಿದಾಗ ಕೀ ತಿರುಗುತ್ತದೆ. ನನಗೆ ಮೂರನೇ ಪ್ರಯತ್ನಕ್ಕೆ ತಿರುಗಿತು. ಈ ಸಲ ಬ್ಯಾಟರಿಯೂ ಬದುಕಿತ್ತು.